ಎಳೆಯ ಚಾಲಕರೂ ಟೆಲಿಮ್ಯಾಟಿಕ್ಸ್ ವಾಹನ ವಿಮೆಯೂ: ಪಾಲಕರು ತಿಳಿದಿರಬೇಕಾದ ಸಂಗತಿಗಳು

ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಹಾಯುವ 44ನೆಯ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ ಕಾರಿಮಂಗಲಂ ಇದೆ. ಬಡಗಣ ದಿಕ್ಕಿಗೆ ಕಾವೇರಿಪಟ್ಟಣಂ, ಕೃಷ್ಣಗಿರಿ, ಹೊಸೂರು, ಬೆಂಗಳೂರು. ತೆಂಕಣಕ್ಕೆ ಧರ್ಮಪುರಿ, ತೊಪ್ಪೂರು ಘಾಟು, ಸೇಲಂ. ನಮ್ಮ ಶಾಲೆಗಳಲ್ಲಿ ಕನ್ನಡದಲ್ಲಿ ಓದಿ ಹೊರಬಂದ ಮಕ್ಕಳು ಕಾಲೇಜಿಗೋ ಹೊಸೂರಿನ ಕಾರ್ಖಾನೆಗೋ ಬೆಂಗಳೂರಿನ ಕಚೇರಿಗೋ ಹೋಗಬೇಕಾದರೆ ಈ ಹೆದ್ದಾರಿಯನ್ನು ಹಿಡಿಯಲೇಬೇಕು. ಹದಿನೆಂಟು ತುಂಬಿದೊಡನೆ ಚಾಲನಾ ಪರವಾನಗಿ, ಅದರ ಬೆನ್ನಿಗೆ ಮನೆಗೊಂದು ವಾಹನ, ವಾಹನದ ಬೆನ್ನಿಗೆ ವಿಮೆ ಎಂಬುದು ಈಗ ಸಾಮಾನ್ಯ ಕ್ರಮವಾಗಿದೆ.

ಈ ವಿಮೆಯ ವಿಷಯದಲ್ಲಿ ಕೆಲವು ವರ್ಷಗಳಿಂದ ಹೊಸ ಮಾತೊಂದು ಕೇಳಿಬರುತ್ತಿದೆ. “ಕಾರಿಗೆ ಸಣ್ಣ ಉಪಕರಣವೊಂದನ್ನು ಜೋಡಿಸಿರಿ, ಇಲ್ಲವೇ ಫೋನಿಗೆ ಒಂದು ಆ್ಯಪ್ ಹಾಕಿಕೊಳ್ಳಿರಿ, ಓಡಿಸಿದಷ್ಟಕ್ಕೆ ಮಾತ್ರ ಹಣ ಕೊಡಿರಿ, ಚೆನ್ನಾಗಿ ಓಡಿಸಿದರೆ ಇನ್ನೂ ಕಡಿಮೆ ಕೊಡಿರಿ” ಎಂಬುದೇ ಆ ಮಾತು. ಇದಕ್ಕೆ ಟೆಲಿಮ್ಯಾಟಿಕ್ಸ್ ವಿಮೆ ಎಂದು ಹೆಸರು. ಪಾಲಿಸಿಯ ಕಾಗದವು ಇಂಗ್ಲಿಷಿನಲ್ಲಿರುತ್ತದೆ, ಏಜೆಂಟರ ವಿವರಣೆ ತಮಿಳಿನಲ್ಲಿರುತ್ತದೆ. ಆದುದರಿಂದ ಇದು ಏನು, ಇದರಿಂದ ಎಷ್ಟು ಲಾಭ, ಯಾವುದನ್ನು ಇದು ಕಾಯುವುದಿಲ್ಲ ಎಂಬುದನ್ನು ನಮ್ಮ ಭಾಷೆಯಲ್ಲಿ ಒಮ್ಮೆ ವಿವರವಾಗಿ ನೋಡುವುದು ಒಳ್ಳೆಯದು.

ಹೆಸರು ಮತ್ತು ಯಂತ್ರ

‘ಟೆಲಿಮ್ಯಾಟಿಕ್ಸ್’ ಎಂಬುದು ಫ್ರಾನ್ಸಿನಲ್ಲಿ ಹುಟ್ಟಿದ ಪದ. 1978ರಲ್ಲಿ ಅಲ್ಲಿಯ ಸರ್ಕಾರಕ್ಕೆ ಸಲ್ಲಿಸಿದ ವರದಿಯೊಂದರಲ್ಲಿ, ದೂರಸಂಪರ್ಕ ಮತ್ತು ಗಣಕ ವಿದ್ಯೆ ಎರಡೂ ಸೇರಿದ ವ್ಯವಸ್ಥೆಗೆ ಈ ಹೆಸರು ಬಂದಿತು. ವಾಹನಕ್ಕೆ ಅನ್ವಯಿಸಿ ಹೇಳುವುದಾದರೆ, ವಾಹನದ ಚಲನೆಯನ್ನು ಅಳೆದು, ಆ ಲೆಕ್ಕವನ್ನು ಮೊಬೈಲ್ ಜಾಲದ ಮೂಲಕ ದೂರದಲ್ಲಿರುವ ಕಂಪನಿಗೆ ಕಳುಹಿಸುವ ಏರ್ಪಾಡು ಇದು. ಬಾಡಿಗೆ ಟ್ಯಾಕ್ಸಿಗಳಲ್ಲಿ ಅಳವಡಿಸಿರುವ ಜಿಪಿಎಸ್ ಉಪಕರಣವನ್ನು ಕಂಡವರಿಗೆ ಇದು ತೀರ ಹೊಸದಲ್ಲ.

ಅಳೆಯುವುದಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು, ಸ್ಟಿಯರಿಂಗಿನ ಕೆಳಭಾಗದಲ್ಲಿ ಮೆಕ್ಯಾನಿಕರು ದೋಷ ಪತ್ತೆಗೆಂದು ತಮ್ಮ ಸಾಧನವನ್ನು ಚುಚ್ಚುವ ಕಿಂಡಿಗೆ ಬೆಂಕಿಪೊಟ್ಟಣದಷ್ಟಿರುವ ಉಪಕರಣವನ್ನು ಜೋಡಿಸುವುದು. ಎರಡನೆಯದು, ಚಾಲಕನ ಫೋನಿನಲ್ಲಿ ಆ್ಯಪ್ ಹಾಕುವುದು. ಫೋನನ್ನು ಅಡ್ಡ ಹಿಡಿದರೆ ಪರದೆಯೂ ಅಡ್ಡ ತಿರುಗುವುದಲ್ಲವೆ? ಆ ಚಲನೆಯನ್ನು ಗ್ರಹಿಸುವ ಅಂಗವೇ ವಾಹನದ ವೇಗ ಏರಿದುದನ್ನೂ ಇಳಿದುದನ್ನೂ ತಿರುವಿನಲ್ಲಿ ವಾಲಿದುದನ್ನೂ ಗ್ರಹಿಸುತ್ತದೆ.

ಲೆಕ್ಕಕ್ಕೆ ಬರುವ ಮುಖ್ಯ ಅಂಶಗಳು ಇವು: ಒಟ್ಟು ಓಡಿದ ದೂರ, ವೇಗ, ಹಠಾತ್ತಾಗಿ ಬ್ರೇಕು ಒತ್ತಿದ ಸಂದರ್ಭಗಳು, ಹಠಾತ್ತಾಗಿ ವೇಗ ಏರಿಸಿದುದು, ತಿರುವನ್ನು ವೇಗವಾಗಿ ತೆಗೆದುಕೊಂಡುದು, ಓಡಿಸಿದ ಹೊತ್ತು ಹಗಲೋ ನಡುರಾತ್ರಿಯೋ ಎಂಬುದು, ಮತ್ತು ಓಡಿಸುವಾಗ ಫೋನನ್ನು ಕೈಗೆ ತೆಗೆದುಕೊಂಡುದು. ಎಲ್ಲ ಕಂಪನಿಗಳೂ ಎಲ್ಲವನ್ನೂ ಅಳೆಯುವುದಿಲ್ಲ. ಕೆಲವು ದೂರವನ್ನು ಮಾತ್ರ ಎಣಿಸುತ್ತವೆ. ಕೆಲವು ಎಲ್ಲವನ್ನೂ ಕೂಡಿಸಿ, ಪರೀಕ್ಷೆಯ ಅಂಕಗಳಂತೆ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತವೆ.

‘ಹಠಾತ್ ಬ್ರೇಕು’ ಎಂದರೆ ಎಷ್ಟು? ಅಮೆರಿಕದ ಪ್ರೋಗ್ರೆಸಿವ್ ಎಂಬ ವಿಮಾ ಕಂಪನಿಯ ಯೋಜನೆಯಲ್ಲಿ, ಒಂದು ಸೆಕೆಂಡಿನ ಅವಧಿಯಲ್ಲಿ ವೇಗವು ಗಂಟೆಗೆ ಸುಮಾರು 11 ಕಿಲೋಮೀಟರಿನಷ್ಟು ಅಥವಾ ಅದಕ್ಕಿಂತ ಹೆಚ್ಚು ಕುಸಿದರೆ ಅದನ್ನು ಹಠಾತ್ ಬ್ರೇಕೆಂದು ಎಣಿಸುತ್ತಾರೆ. ಆಡು ಅಡ್ಡ ಬಂದಿತೆಂದು ಒಮ್ಮೆ ಬ್ರೇಕು ಒತ್ತಿದವನು ಕೆಟ್ಟ ಚಾಲಕನೇನೂ ಅಲ್ಲ. ಆದರೆ ದಿನವೂ ಹತ್ತು ಸಲ ಹಾಗೆ ಒತ್ತಬೇಕಾಗಿ ಬರುವವನು ಮುಂದಿನ ವಾಹನಕ್ಕೆ ತೀರ ಅಂಟಿಕೊಂಡು ಓಡಿಸುತ್ತಿದ್ದಾನೆ, ಇಲ್ಲವೇ ರಸ್ತೆಯನ್ನು ನೋಡುತ್ತಿಲ್ಲ ಎಂದೇ ಅರ್ಥ. ಯಂತ್ರವು ಹುಡುಕುವುದು ಒಂದು ತಪ್ಪನ್ನಲ್ಲ, ಅಭ್ಯಾಸವನ್ನು.

ಹೊರದೇಶದಲ್ಲಿ ಇದು ಏಕೆ ಬೆಳೆಯಿತು?

ಬ್ರಿಟನ್ನಿನಲ್ಲಿ ಹದಿನೇಳನೆಯ ವಯಸ್ಸಿಗೆ ಕಾರು ಓಡಿಸಬಹುದು. ಆದರೆ ಅಲ್ಲಿ ವಿಮಾ ಕಂತು ವಾಹನಕ್ಕಿಂತ ಹೆಚ್ಚಾಗಿ ಚಾಲಕನನ್ನು ನೋಡಿ ನಿರ್ಧಾರವಾಗುತ್ತದೆ. ಅನುಭವವಿಲ್ಲದ ಎಳೆಯರು ಹೆಚ್ಚು ಅಪಘಾತ ಮಾಡುವರೆಂಬ ಕಾರಣದಿಂದ ಅವರ ಕಂತು ಹಿರಿಯರದಕ್ಕಿಂತ ಹಲವು ಪಟ್ಟು ಹೆಚ್ಚು. ಎಚ್ಚರಿಕೆಯಿಂದ ಓಡಿಸುವ ಹುಡುಗನೂ ಅಜಾಗರೂಕನ ಹೊರೆಯನ್ನು ಹೊರಬೇಕಾಗುತ್ತಿತ್ತು. “ನಾನು ಹಾಗಲ್ಲ” ಎಂದು ರುಜುವಾತು ಮಾಡಲು ಅವನಿಗೆ ದೊರೆತ ಸಾಧನವೇ ಈ ಪೆಟ್ಟಿಗೆ. ಹಿಂದೆ ಅಲ್ಲಿ ಹುಡುಗಿಯರಿಗೆ ಕಂತು ಕಡಿಮೆಯಿತ್ತು. ಹೆಣ್ಣು ಗಂಡೆಂಬ ಭೇದದಿಂದ ವಿಮಾ ದರ ನಿಗದಿ ಮಾಡಬಾರದೆಂದು ಯುರೋಪಿಯನ್ ನ್ಯಾಯಾಲಯವು 2011ರಲ್ಲಿ ತೀರ್ಪು ಕೊಟ್ಟಿತು. 2012ರ ಡಿಸೆಂಬರ್ 21ರಿಂದ ಅದು ಜಾರಿಗೆ ಬಂದಿತು. ಹೀಗೆ ಲಿಂಗದ ಲೆಕ್ಕ ಹೋದ ಮೇಲೆ, ಚಾಲನೆಯನ್ನೇ ನೇರವಾಗಿ ಅಳೆಯುವ ಈ ಪದ್ಧತಿಗೆ ಮತ್ತಷ್ಟು ಬಲ ಬಂದಿತು.

ನಮ್ಮ ದೇಶದ ಲೆಕ್ಕವೇ ಬೇರೆ

ಭಾರತದಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು 2020ರಲ್ಲಿ ಇಂತಹ ಯೋಜನೆಗಳನ್ನು ಪ್ರಯೋಗವಾಗಿ ನಡೆಸಲು ಕೆಲವು ಕಂಪನಿಗಳಿಗೆ ಅವಕಾಶ ಕೊಟ್ಟಿತು. 2022ರ ಜುಲೈ ತಿಂಗಳಿನಲ್ಲಿ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಿಗೂ ಮೂರು ಬಗೆಯ ಹೆಚ್ಚುವರಿ ಸೌಲಭ್ಯಗಳನ್ನು ನೀಡಲು ಅನುಮತಿ ದೊರೆಯಿತು. ಓಡಿಸಿದ ದೂರಕ್ಕೆ ತಕ್ಕ ಕಂತು ಒಂದು. ಓಡಿಸುವ ರೀತಿಗೆ ತಕ್ಕ ಕಂತು ಮತ್ತೊಂದು. ಒಬ್ಬನೇ ಮಾಲೀಕನ ಕಾರು ಹಾಗೂ ದ್ವಿಚಕ್ರ ವಾಹನಗಳಿಗೆಲ್ಲ ಕೂಡಿ ಒಂದೇ ಪಾಲಿಸಿ ಎಂಬುದು ಮೂರನೆಯದು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ನಮ್ಮಲ್ಲಿ ಕಂತು ಮುಖ್ಯವಾಗಿ ವಾಹನವನ್ನು ನೋಡಿ ನಿಗದಿಯಾಗುತ್ತದೆ: ಅದರ ಬೆಲೆ, ಎಂಜಿನ್ನಿನ ಗಾತ್ರ, ವಾಹನದ ವಯಸ್ಸು, ನೋಂದಣಿಯಾದ ಊರು. ಮಗನ ವಯಸ್ಸು ಹತ್ತೊಂಬತ್ತು ಎಂಬ ಕಾರಣಕ್ಕೆ ಬ್ರಿಟನ್ನಿನಲ್ಲಿಯಂತೆ ಹಲವು ಪಟ್ಟು ದಂಡ ತೆರಬೇಕಾದ ಸ್ಥಿತಿ ನಮ್ಮಲ್ಲಿ ಇಲ್ಲ. ಆದುದರಿಂದ ಪೆಟ್ಟಿಗೆಯಿಂದ ದೊರೆಯುವ ಉಳಿತಾಯವೂ ಅಲ್ಲಿಯಷ್ಟು ದೊಡ್ಡದಲ್ಲ.

ಇದನ್ನು ಅಂಕಿಗಳಲ್ಲಿ ನೋಡೋಣ. ವಾಹನ ವಿಮೆಯಲ್ಲಿ ಎರಡು ಭಾಗಗಳಿವೆ. ನಮ್ಮ ವಾಹನದಿಂದ ಪರರಿಗೆ ಆಗುವ ಹಾನಿಗೆ ಕೊಡುವ ಪರಿಹಾರ ಒಂದು ಭಾಗ. ಇದೇ ಥರ್ಡ್ ಪಾರ್ಟಿ ವಿಮೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಇದು ಕಡ್ಡಾಯ. ನಮ್ಮ ವಾಹನಕ್ಕೇ ಆಗುವ ಹಾನಿಗೆ ಕೊಡುವುದು ಇನ್ನೊಂದು ಭಾಗ, ಇದು ಐಚ್ಛಿಕ. ಕಡ್ಡಾಯ ಭಾಗದ ದರವನ್ನು ಸರ್ಕಾರವೇ ಪ್ರಕಟಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿಯವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1500 ಸಿಸಿಯವರೆಗಿನ ಕಾರಿಗೆ 3,416 ರೂಪಾಯಿ, 75ರಿಂದ 150 ಸಿಸಿಯ ದ್ವಿಚಕ್ರ ವಾಹನಕ್ಕೆ 714 ರೂಪಾಯಿ. ಈ ಭಾಗದಲ್ಲಿ ಪೆಟ್ಟಿಗೆಯೂ ಆ್ಯಪ್ಪೂ ಒಂದು ರೂಪಾಯಿಯನ್ನೂ ಕಡಿಮೆ ಮಾಡಲಾರವು. ರಿಯಾಯಿತಿ ಏನಿದ್ದರೂ ಎರಡನೆಯ ಭಾಗಕ್ಕೆ ಮಾತ್ರ.

ಉದಾಹರಣೆಗೆ, 1200 ಸಿಸಿ ಕಾರೊಂದರ ಎರಡನೆಯ ಭಾಗದ ಕಂತು 6,000 ರೂಪಾಯಿ ಎಂದಿಟ್ಟುಕೊಳ್ಳೋಣ. ಕಡ್ಡಾಯ ಭಾಗದ 3,416 ಸೇರಿ, ತೆರಿಗೆ ಬಿಟ್ಟು, 9,416 ರೂಪಾಯಿ ಆಯಿತು. “ಶೇಕಡಾ 20 ರಿಯಾಯಿತಿ” ಎಂದರೆ ಆರು ಸಾವಿರದ ಮೇಲೆ 1,200 ರೂಪಾಯಿ. ಒಟ್ಟು ಮೊತ್ತದಲ್ಲಿ ಇದು ಸುಮಾರು ಶೇಕಡಾ 13 ಮಾತ್ರ. ಇದು ಬೇಡವೆನ್ನುವ ಮೊತ್ತವಲ್ಲ. ಆದರೆ ಕೇಳಿದ ಶೇಕಡಾವಾರು ಯಾವುದರ ಮೇಲೆ ಎಂಬುದನ್ನು ತಿಳಿದೇ ಸಹಿ ಹಾಕಬೇಕು. ಕಡ್ಡಾಯ ವಿಮೆಯನ್ನು ಮಾತ್ರ ಹೊಂದಿರುವ ಹಳೆಯ ಮೋಟಾರು ಬೈಕಿಗೆ ಈ ಯೋಜನೆಯಿಂದ ಹಣದ ಲಾಭವೇ ಇಲ್ಲ.

ಕಿಲೋಮೀಟರಿನ ಲೆಕ್ಕ

ದೂರವನ್ನು ಎಣಿಸುವ ಯೋಜನೆಯಲ್ಲಿ ವರ್ಷಕ್ಕೆ ಇಂತಿಷ್ಟು ಕಿಲೋಮೀಟರೆಂದು ಮೊದಲೇ ಆರಿಸಿಕೊಳ್ಳಬೇಕಾಗುತ್ತದೆ. ಮನೆಯ ಕಾರು ಸಂತೆಗೂ ದೇವಸ್ಥಾನಕ್ಕೂ ಮದುವೆಗೂ ಮಾತ್ರ ಹೊರಡುವುದಾದರೆ ಕಡಿಮೆ ದೂರದ ಯೋಜನೆ ಸಾಕು, ಲಾಭವೂ ಉಂಟು. ಆದರೆ ಹೊಸೂರಿನಲ್ಲಿ ಕೆಲಸ ಮಾಡುವ ಮಗನು ವಾರಕ್ಕೊಮ್ಮೆ ಕಾರಿನಲ್ಲಿ ಊರಿಗೆ ಬಂದು ಹೋಗುವನೆಂದು ಎಣಿಸೋಣ. ಹೋಗಿಬರುವ ದಾರಿ 150 ಕಿಲೋಮೀಟರೆಂದು ಹಿಡಿದರೂ 52 ವಾರಗಳಿಗೆ 7,800 ಕಿಲೋಮೀಟರಾಯಿತು. ಅಲ್ಲಿಯ ದಿನನಿತ್ಯದ ಓಡಾಟ ಇದಕ್ಕೆ ಸೇರಿಲ್ಲ. ಅಂಥವನು 5,000 ಕಿಲೋಮೀಟರಿನ ಯೋಜನೆ ಕೊಂಡರೆ ವರ್ಷ ಮುಗಿಯುವ ಮುನ್ನವೇ ಮಿತಿ ದಾಟುತ್ತದೆ.

ದಾಟಿದರೆ ಏನಾಗುತ್ತದೆ? ಕಂಪನಿಯಿಂದ ಕಂಪನಿಗೆ ಉತ್ತರ ಬೇರೆ. ಕೆಲವು ಪಾಲಿಸಿಗಳು ಹಾಗೆಯೇ ಮುಂದುವರಿದು, ಮುಂದಿನ ವರ್ಷದ ರಿಯಾಯಿತಿ ಮಾತ್ರ ತಪ್ಪುತ್ತದೆ. ಕೆಲವುದರಲ್ಲಿ ಹೆಚ್ಚುವರಿ ಕಿಲೋಮೀಟರುಗಳನ್ನು ಹಣ ಕೊಟ್ಟು ಕೊಳ್ಳುವವರೆಗೆ ಸ್ವಂತ ವಾಹನದ ಹಾನಿಗೆ ಪರಿಹಾರ ದೊರೆಯದು. ಎರಡೂ ಸಂದರ್ಭಗಳಲ್ಲಿ ಪರರಿಗೆ ಆಗುವ ಹಾನಿಯ ಕಡ್ಡಾಯ ವಿಮೆ ನಿಲ್ಲುವುದಿಲ್ಲ. ಕಿಲೋಮೀಟರಿನ ಮಿತಿ ಅದಕ್ಕೆ ಅನ್ವಯಿಸದು.

ಪೆಟ್ಟಿಗೆ ಕಾಯಲಾರದ ಕಡೆಗಳು

ಅಂಕ ನೂರಕ್ಕೆ ತೊಂಬತ್ತೈದು ಬಂದರೂ ಪರವಾನಗಿ ಇಲ್ಲದವನಿಗೆ ವಿಮೆಯ ರಕ್ಷಣೆ ಇಲ್ಲ. ಪರವಾನಗಿ ಇಲ್ಲದವನು ಓಡಿಸಿ ಪರರಿಗೆ ಹಾನಿಯಾದರೆ, ಕಂಪನಿಯು ಗಾಯಾಳುವಿಗೆ ಮೊದಲು ಪರಿಹಾರ ಕೊಟ್ಟು, ಆಮೇಲೆ ಅದನ್ನು ವಾಹನದ ಮಾಲೀಕನಿಂದ ವಸೂಲು ಮಾಡಬಹುದೆಂಬ ಮಾರ್ಗವನ್ನು ಸುಪ್ರೀಂ ಕೋರ್ಟು 2004ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ಇಂತಹ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಕಾಯಿದೆಯಲ್ಲಿ ಅವಕಾಶವಿದೆ. ಒಂದು ಸಂಜೆಯ ಸವಾರಿಗೆ ತಲೆಮಾರಿನ ಹೊಲ ಹೊಣೆಯಾಗಬಹುದು ಎಂಬುದು ಇದರ ಅರ್ಥ.

ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಕಠಿಣವಾಗಿದೆ. 2019ರ ತಿದ್ದುಪಡಿಯಿಂದ ಸೇರಿದ 199ಎ ವಿಧಿಯ ಪ್ರಕಾರ, ಅಪ್ರಾಪ್ತನು ವಾಹನ ಓಡಿಸಿ ಅಪರಾಧವಾದರೆ ಪಾಲಕರು ಅಥವಾ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಒಂದು ವರ್ಷ ವಾಹನದ ನೋಂದಣಿ ರದ್ದು; ಆ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿ ಇಲ್ಲ. ಹದಿನಾರು ತುಂಬಿದವರು ಓಡಿಸಬಹುದಾದುದು 50 ಸಿಸಿ ಮೀರದ ಮೋಟಾರು ಸೈಕಲನ್ನು ಮಾತ್ರ, ಅದೂ ಪರವಾನಗಿ ಪಡೆದ ಮೇಲೆ. ಪೇಟೆಯಲ್ಲಿ ಕಾಣುವ ಸಾಮಾನ್ಯ ಬೈಕು, ಸ್ಕೂಟರುಗಳು ಈ ಮಿತಿಯೊಳಗೆ ಬರುವುದಿಲ್ಲ.

ಮತ್ತೊಂದು ಸಂಗತಿ ಬಹುಪಾಲು ಮನೆಗಳಿಗೆ ತಿಳಿದೇ ಇರುವುದಿಲ್ಲ. ಪಾಲಿಸಿಯ ಜೊತೆಗೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯು ‘ಮಾಲೀಕ–ಚಾಲಕ’ನಿಗೆ ಮೀಸಲಾದುದು, ಎಂದರೆ ನೋಂದಣಿ ಪತ್ರದಲ್ಲಿ ಹೆಸರಿದ್ದು ಪರವಾನಗಿಯೂ ಉಳ್ಳವನಿಗೆ. ಬೈಕು ತಂದೆಯ ಹೆಸರಿನಲ್ಲಿದ್ದು ದಿನವೂ ಅದನ್ನು ಓಡಿಸುವವನು ಮಗನಾದರೆ, ಆ 15 ಲಕ್ಷ ಮಗನಿಗೆ ಅನ್ವಯಿಸುವುದಿಲ್ಲ. ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣವೊಂದರಲ್ಲಿ, ಬೇರೊಬ್ಬರ ಬೈಕನ್ನು ಕೇಳಿ ಪಡೆದು ಹೋಗುತ್ತಿದ್ದವನು ಎತ್ತಿನ ಗಾಡಿಗೆ ಡಿಕ್ಕಿ ಹೊಡೆದು ತೀರಿಕೊಂಡಿದ್ದನು. ಬೈಕನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆ, ಆದುದರಿಂದ ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ಆಗಿನ 163ಎ ವಿಧಿಯ ಸೌಲಭ್ಯ ಅವನ ಮನೆಯವರಿಗೆ ಸಲ್ಲದು ಎಂದು ನ್ಯಾಯಾಲಯವು 2009ರಲ್ಲಿ ಹೇಳಿ, ಬೇರೆ ವಿಧಿಯಡಿ ಪರಿಶೀಲಿಸಲು ಹೈಕೋರ್ಟಿಗೆ ಕಳುಹಿಸಿತು. ಆದುದರಿಂದ ಓಡಿಸುವ ಮಗನಿಗೋ ಮಗಳಿಗೋ ಪ್ರತ್ಯೇಕವಾದ ಅಪಘಾತ ವಿಮೆಯನ್ನು ಮಾಡಿಸುವುದು ಯಾವ ರಿಯಾಯಿತಿಗಿಂತಲೂ ಮೊದಲಿನ ಕೆಲಸ.

ಅಂಕದ ನಿಜವಾದ ಬೆಲೆ

ಹಾಗಾದರೆ ಈ ಯಂತ್ರದಿಂದ ಎಳೆಯರಿಗೆ ಪ್ರಯೋಜನವೇ ಇಲ್ಲವೆ? ಉಂಟು, ಆದರೆ ಅದು ರೂಪಾಯಿಗಿಂತ ಹೆಚ್ಚಾಗಿ ಅಭ್ಯಾಸದಲ್ಲಿದೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನರು ಸತ್ತರು. ಅಪಘಾತಗಳ ಸಂಖ್ಯೆಯಲ್ಲಿ ಮೊದಲ ಸ್ಥಾನ ತಮಿಳುನಾಡಿನದು: 64,105. ಸತ್ತವರಲ್ಲಿ ಮೂವರಲ್ಲಿ ಇಬ್ಬರು 18ರಿಂದ 45ರ ವಯಸ್ಸಿನವರು. ಹತ್ತು ಸಾವುಗಳಲ್ಲಿ ಏಳಕ್ಕೆ ಕಾರಣ ಅತಿವೇಗ. ಪೆಟ್ಟಿಗೆಯು ಅಳೆಯುವುದು ಈ ವೇಗವನ್ನೇ.

ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ 22 ಮೀಟರು ಸಾಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ, ಬ್ರೇಕು ತಾಗುವ ಮೊದಲೇ 33 ಮೀಟರು ದಾಟಿರುತ್ತದೆ. ಅಲ್ಲಿಂದ ನಿಲ್ಲಲು ಬೇಕಾದ ದೂರವು ವೇಗ ಇಮ್ಮಡಿಯಾದರೆ ನಾಲ್ಕು ಮಡಿಯಾಗುತ್ತದೆ. ಪ್ರೌಢಶಾಲೆಯ ಭೌತಶಾಸ್ತ್ರದ ಪಾಠವಿದು. ಇಳಿಜಾರೂ ತಿರುವೂ ಭಾರದ ಲಾರಿಗಳೂ ಕೂಡಿರುವ ತೊಪ್ಪೂರು ಘಾಟಿನಲ್ಲಿ ಈ ಪಾಠವನ್ನು ಮರೆತವರಿಗೆ ಎರಡನೆಯ ಅವಕಾಶ ದೊರೆಯುವುದು ಅಪರೂಪ.

ಹಠಾತ್ ಬ್ರೇಕು ಎಷ್ಟು ಸಲ ಎಂಬುದನ್ನು ವಾರಕ್ಕೊಮ್ಮೆ ಮಗನೇ ನೋಡಿಕೊಂಡು, ಮುಂದಿನ ವಾರ ಅದನ್ನು ತಗ್ಗಿಸಲು ಯತ್ನಿಸಿದರೆ ಅದೇ ಆ ಯಂತ್ರದ ಸಾರ್ಥಕತೆ. ಅಂಕಪಟ್ಟಿಯನ್ನು ಹಿಡಿದು ಗದರಿಸುವ ಮನೆಯಲ್ಲಿ ಮಕ್ಕಳು ಫೋನನ್ನು ಮನೆಯಲ್ಲೇ ಬಿಟ್ಟು ವಾಹನ ತೆಗೆದುಕೊಂಡು ಹೋಗುವರು. ಆಗ ಅಂಕವೂ ಇಲ್ಲ, ತುರ್ತಿಗೆ ಫೋನೂ ಇಲ್ಲ. ಯಂತ್ರವು ಕೆಲವೊಮ್ಮೆ ತಪ್ಪನ್ನೂ ಎಣಿಸುತ್ತದೆ: ಮಗನು ಧರ್ಮಪುರಿಗೆ ಬಸ್ಸಿನಲ್ಲಿ ಹೋದರೂ ಬಸ್ಸಿನ ಚಾಲಕರು ಒತ್ತಿದ ಬ್ರೇಕು ಅವನ ಲೆಕ್ಕಕ್ಕೆ ಬರಬಹುದು. ಅಂತಹ ಪ್ರಯಾಣವನ್ನು ‘ನಾನು ಪ್ರಯಾಣಿಕ’ ಎಂದು ಗುರುತಿಸಲು ಹಲವು ಆ್ಯಪ್‌ಗಳಲ್ಲಿ ಅವಕಾಶವಿರುತ್ತದೆ.

ಇನ್ನೊಂದು ವಿಚಾರವೂ ಇದೆ. ಎಲ್ಲಿಗೆ ಹೋದರು, ಎಷ್ಟು ಹೊತ್ತಿಗೆ ಹೋದರು ಎಂಬ ದಾಖಲೆ ಕಂಪನಿಯ ಕೈ ಸೇರುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸಾರಿತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯಿದೆಯೂ ಬಂದಿತು. ಮಾಹಿತಿಯನ್ನು ಯಾವುದಕ್ಕೆ ಬಳಸುವರೆಂದು ಕೇಳುವುದು ನಮ್ಮ ಹಕ್ಕು. ಓಡಿಸುವ ಮಗಳಿಗೆ ಹದಿನೆಂಟು ತುಂಬಿರುವುದರಿಂದ, ಅವಳ ದಾಖಲೆಯನ್ನು ಮನೆಯವರು ನೋಡಬೇಕಾದರೆ ಅವಳ ಒಪ್ಪಿಗೆಯನ್ನು ಪಡೆಯುವುದೇ ಮರ್ಯಾದೆ.

ಸಹಿ ಹಾಕುವ ಮುನ್ನ ಕೇಳಬೇಕಾದುದು

ಏಜೆಂಟರೊಡನೆ ಮಾತನಾಡುವಾಗ ಈ ಆರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಒಳಿತು:

1. ರಿಯಾಯಿತಿ ಕಂತಿನ ಯಾವ ಭಾಗದ ಮೇಲೆ, ಎಷ್ಟು ರೂಪಾಯಿ?
2. ಅಳೆಯುವುದು ದೂರವನ್ನು ಮಾತ್ರವೋ, ಓಡಿಸುವ ರೀತಿಯನ್ನೂ ಉಂಟೋ?
3. ಕಿಲೋಮೀಟರಿನ ಮಿತಿ ದಾಟಿದರೆ ಸ್ವಂತ ವಾಹನದ ಹಾನಿಗೆ ಪರಿಹಾರ ದೊರೆಯುವುದೇ?
4. ಅಂಕ ಕಡಿಮೆಯಾದರೆ ರಿಯಾಯಿತಿ ತಪ್ಪುವುದಷ್ಟೇ, ಕಂತು ಏರುವುದೂ ಉಂಟೇ?
5. ಉಪಕರಣ ಕಳಚಿದರೆ, ಫೋನು ಬದಲಾದರೆ ಏನು ಮಾಡಬೇಕು? ಮಾಹಿತಿಯನ್ನು ಪರಿಹಾರದ ಅರ್ಜಿಯ ತನಿಖೆಯಲ್ಲಿ ಬಳಸುವರೇ?
6. ಓಡಿಸುವವರು ಮಾಲೀಕರಲ್ಲದಿದ್ದರೆ ಅವರ ಜೀವಕ್ಕೆ ಯಾವ ರಕ್ಷಣೆ?

ಕಂಪನಿಯೊಡನೆ ವಿವಾದ ಬಂದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಅಲ್ಲಿ ನ್ಯಾಯ ದೊರೆಯದಿದ್ದರೆ ಚೆನ್ನೈನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಒಟ್ಟಿನಲ್ಲಿ ಟೆಲಿಮ್ಯಾಟಿಕ್ಸ್ ವಿಮೆಯು ಕಡಿಮೆ ಓಡಿಸುವ ಮನೆಗೆ ಒಂದಿಷ್ಟು ಉಳಿತಾಯವನ್ನೂ, ಕಲಿಯಬೇಕೆನ್ನುವ ಎಳೆಯ ಚಾಲಕನಿಗೆ ಒಂದು ಕನ್ನಡಿಯನ್ನೂ ಕೊಡುತ್ತದೆ. ಪರವಾನಗಿ, ಚಾಲ್ತಿಯಲ್ಲಿರುವ ಕಡ್ಡಾಯ ವಿಮೆ, ಓಡಿಸುವವರ ಹೆಸರಿನ ಅಪಘಾತ ವಿಮೆ, ತಲೆಯ ಮೇಲೆ ಹೆಲ್ಮೆಟ್ಟು ಅಥವಾ ಎದೆಗೆ ಸೀಟು ಬೆಲ್ಟು: ಈ ನಾಲ್ಕು ಮೊದಲು ಇರಲಿ. ಇವುಗಳಾದ ಮೇಲೆ ಪೆಟ್ಟಿಗೆ ಬೇಕೋ ಬೇಡವೋ ಎಂಬುದನ್ನು ಮಕ್ಕಳೊಡನೆ ಕುಳಿತು ಲೆಕ್ಕ ಹಾಕಿ ನಿರ್ಧರಿಸಬಹುದು. ಹಾಗೆ ಒಟ್ಟಿಗೆ ಕುಳಿತು ಹಾಕಿದ ಲೆಕ್ಕವು ಮಕ್ಕಳಿಗೆ ರಸ್ತೆಯ ಮೇಲೆಯೂ ನೆನಪಿರುತ್ತದೆ.